ಬ್ರಯಾನ್ ಸ್ಯೂಯೆಲ್ ನೆನಪು: ಪದೇ ಪದೇ ಕೇಳುವ ಪ್ರಶ್ನೆಗಳು

ಲಂಡನ್ನಿನ ಕಲಾ ವಿಮರ್ಶಕ ಬ್ರಯಾನ್ ಸ್ಯೂಯೆಲ್ 2015ರ ಸೆಪ್ಟೆಂಬರ್ 19ರಂದು ತೀರಿಕೊಂಡರು. ಆಗ ಅವರಿಗೆ 84 ವರ್ಷ. ಅವರ ಮಾತೆತ್ತಿದರೆ ಸಾಕು, ಕೇಳುವವರಲ್ಲಿ ಎರಡು ಪಂಗಡ ಆಗಿಬಿಡುತ್ತದೆ. ಒಬ್ಬರು ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮನುಷ್ಯ ಅನ್ನುತ್ತಾರೆ. ಇನ್ನೊಬ್ಬರು ಬರೀ ಹರುಕು ಬಾಯಿ ಅನ್ನುತ್ತಾರೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಕಷ್ಟದವು.

## ಮೊದಲ ಪರಿಚಯ

ಯಾರಿವರು? ನಾನು ಹೆಸರೇ ಕೇಳಿಲ್ಲ.

1931ರ ಜುಲೈ 15ರಂದು ಹುಟ್ಟಿದವರು. ಲಂಡನ್ನಿನ ಕೋರ್ಟಾಲ್ಡ್ ಇನ್‌ಸ್ಟಿಟ್ಯೂಟಿನಲ್ಲಿ ಕಲೆಯ ಇತಿಹಾಸ ಓದಿದರು. 1957ರಲ್ಲಿ ಓದು ಮುಗಿಯಿತು. ಆಮೇಲೆ ಕ್ರಿಸ್ಟೀಸ್ ಹರಾಜು ಮನೆಯಲ್ಲಿ ಹಳೆಯ ಕಾಲದ ಚಿತ್ರಗಳ ಪರಿಣತರಾಗಿ ಕೆಲಸ ಮಾಡಿದರು. ಅಲ್ಲಿಂದ ಹೊರಬಂದು ಕಲಾಕೃತಿಗಳ ವ್ಯಾಪಾರ ಮಾಡಿದರು. ಬರವಣಿಗೆಗೆ ಬಂದಿದ್ದು ತಡವಾಗಿ. ಮೊದಲು 'ಟ್ಯಾಟ್ಲರ್' ಪತ್ರಿಕೆಗೆ ಬರೆದರು, 1984ರಲ್ಲಿ 'ಈವ್ನಿಂಗ್ ಸ್ಟ್ಯಾಂಡರ್ಡ್' ಸೇರಿದರು. ಹೆಸರು ಮಾಡಿದ್ದು ಅಲ್ಲಿಯೇ.

ಅದು ಆಗ ಸಂಜೆ ಪತ್ರಿಕೆ. ಕೆಲಸ ಮುಗಿಸಿ ರೈಲು ಹತ್ತುವವರು ಕೊಂಡು ಓದುತ್ತಿದ್ದ ಪೇಪರು. 2009ರಿಂದ ಅದನ್ನು ಪುಕ್ಕಟೆ ಹಂಚಲು ಶುರು ಮಾಡಿದರು. ಈ ವಿಷಯ ಮುಖ್ಯ ಅಂತ ನನಗನ್ನಿಸುತ್ತದೆ. ಕಲಾ ಪತ್ರಿಕೆಗಳಲ್ಲಿ ಬರೆದಿದ್ದರೆ ಗ್ಯಾಲರಿಯವರು ಮಾತ್ರ ಓದುತ್ತಿದ್ದರು. ಸ್ಯೂಯೆಲ್ ಬರೆದಿದ್ದನ್ನು ಗುಮಾಸ್ತರು, ನರ್ಸುಗಳು, ಅಂಗಡಿ ಕೆಲಸದವರು ಓದಿದರು. 1988ರಲ್ಲಿ ವರ್ಷದ ವಿಮರ್ಶಕ ಎಂಬ ಗೌರವ, 1995ರಲ್ಲಿ ಹಾಥಾರ್ನ್‌ಡೆನ್ ಬಹುಮಾನ, 2003ರಲ್ಲಿ ಆರ್ವೆಲ್ ಬಹುಮಾನ ಅವರಿಗೆ ಬಂದವು.

ಅಷ್ಟೊಂದು ಖಾರ ಅಂತಾರಲ್ಲ, ಅಂಥದ್ದೇನು ಬರೀತಿದ್ರು?

ಸಮಕಾಲೀನ ಕಲೆಗೆ ಬ್ರಿಟನ್ನಿನಲ್ಲಿ ಕೊಡುವ ಟರ್ನರ್ ಪ್ರಶಸ್ತಿಯನ್ನು ವರ್ಷಾ ವರ್ಷ ನಡೆಯುವ ಪ್ರಹಸನ ಎಂದು ಕರೆದರು. ಕಲಾವಿದ ಡೇಮಿಯನ್ ಹರ್ಸ್ಟ್ ಕೃತಿಯನ್ನು ಮನೆಯಲ್ಲಿಟ್ಟುಕೊಳ್ಳುವುದೂ ಬಚ್ಚಲುಮನೆ ನಲ್ಲಿಗೆ ಚಿನ್ನದ ನೀರು ಹಾಕಿಸುವುದೂ ಒಂದೇ ಎನ್ನುವ ಅರ್ಥದಲ್ಲಿ ಬರೆದರು. ಚಿತ್ರಕಾರ ಡೇವಿಡ್ ಹಾಕ್ನಿಯನ್ನು ಅಗ್ಗದ ಚೇಷ್ಟೆ ಮಾಡುವವನು ಅಂದರು. ಗೋಡೆ ಚಿತ್ರಗಳ ಬ್ಯಾಂಕ್ಸಿಯನ್ನು ಹುಟ್ಟಿದಾಗಲೇ ಮುಗಿಸಿಬಿಡಬೇಕಿತ್ತು ಅಂದರು. ಕೊನೆಯದು ವಿಮರ್ಶೆಯೇ ಅಲ್ಲ. ಅದು ಬರೀ ಕ್ರೌರ್ಯ. ಅದನ್ನು ಸಮರ್ಥಿಸಿಕೊಳ್ಳಲು ನಾನು ಹೋಗುವುದಿಲ್ಲ.

ಆದರೆ ಜನ ಹಂಚಿಕೊಳ್ಳುವುದು ಇಂಥ ಸಾಲುಗಳನ್ನು ಮಾತ್ರ. ಪೂರ್ತಿ ವಿಮರ್ಶೆ ಓದಿದರೆ ಬೇರೆಯೇ ಮನುಷ್ಯ ಸಿಗುತ್ತಾರೆ. ಚಿತ್ರ ಯಾವಾಗ ಬಂತು, ಯಾರು ಬರೆಸಿದರು, ಯಾವ ಹಳೆಯ ಚಿತ್ರದಿಂದ ಕೈಕಾಲಿನ ಭಂಗಿ ಬಂದಿದೆ, ಕ್ಯಾಟಲಾಗಿನಲ್ಲಿ ಎಲ್ಲಿ ತಪ್ಪಿದೆ ಅಂತ ಸಾವಧಾನವಾಗಿ ಹೇಳುತ್ತಾ ಹೋಗುತ್ತಾರೆ. ಬೈಗುಳ ಬರುವುದು ಅದೆಲ್ಲ ಆದ ಮೇಲೆ.

ಅವರ ದನಿ ಬಗ್ಗೆ ಎಲ್ರೂ ಯಾಕೆ ಮಾತಾಡ್ತಾರೆ?

ಅವರು ಮಾತಾಡುತ್ತಿದ್ದುದು ತೀರಾ ಮೇಲ್ವರ್ಗದ, ಹಳೆಯ ಕಾಲದ ಇಂಗ್ಲಿಷು. ಟಿವಿಯಲ್ಲಿ ಅನುಕರಣೆ ಮಾಡುವವರಿಗೆ ಅದು ಸುಲಭದ ವಸ್ತುವಾಯಿತು. ಎಷ್ಟೋ ಜನಕ್ಕೆ ಅವರು ದನಿಯಾಗಿಯೇ ಗೊತ್ತು, ಬರಹಗಾರರಾಗಿ ಗೊತ್ತಿಲ್ಲ. ಇದು ನನಗೆ ಬೇಸರದ ವಿಷಯ. ಬರೆದಿದ್ದು ಓದುವಾಗ ದನಿ ಅಡ್ಡ ಬರುವುದಿಲ್ಲ.

ಅವರಿಗೆ ಚಿತ್ರ ಬರೆಯೋಕೆ ಬರ್ತಿತ್ತಾ? ಇಲ್ಲಾಂದ್ರೆ ಬೇರೆಯವರನ್ನ ಬೈಯೋಕೆ ಏನು ಹಕ್ಕು?

ಅವರು ಹೆಸರಾಗಿದ್ದು ಚಿತ್ರಕಾರರಾಗಿ ಅಲ್ಲ. ವಿಮರ್ಶಕನ ಕಸುಬು ನೋಡುವುದು. ಅದನ್ನು ಅವರು ಕಲಿತಿದ್ದು ಹರಾಜು ಮನೆಯಲ್ಲಿ.

ಅಲ್ಲಿಯ ಕೆಲಸ ಹೇಗಿರುತ್ತದೆ ನೋಡಿ. ಯಾರೋ ಒಂದು ಹಳೆಯ ರೇಖಾಚಿತ್ರ ತರುತ್ತಾರೆ. ಸಹಿ ಇರುವುದಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ನೀರುಗುರುತು ಹುಡುಕಬೇಕು. ಮೂಲೆಯಲ್ಲಿ ಹಿಂದಿನ ಸಂಗ್ರಾಹಕರ ಪುಟ್ಟ ಮುದ್ರೆ ಇದೆಯಾ ನೋಡಬೇಕು. ಕಂದು ಶಾಯಿ ಕಾಲಕ್ಕೆ ಹೀಗಾಗಿದೆಯೋ, ಯಾರಾದರೂ ಮೇಲೆ ತಿದ್ದಿದ್ದಾರೋ ಗಮನಿಸಬೇಕು. ಆಮೇಲೆ ಗೆರೆ. ಭುಜದ ತಿರುವನ್ನು ಹುಡುಕುತ್ತಾ ಎಳೆದ ಗೆರೆ ಒಂದು ಥರ ಇರುತ್ತದೆ. ಬೇರೆಯವರದ್ದನ್ನು ನೋಡಿ ನಕಲು ಮಾಡಿದ ಗೆರೆಯಲ್ಲಿ ಆ ಹುಡುಕಾಟ ಇರುವುದಿಲ್ಲ. ಇಷ್ಟೆಲ್ಲ ನೋಡಿ ಒಂದು ಹೆಸರು ಹೇಳಬೇಕು. ತಪ್ಪಿದರೆ ದುಡ್ಡು ಹೋಗುತ್ತದೆ, ಮಾನವೂ ಹೋಗುತ್ತದೆ. ಈ ಕೆಲಸದಲ್ಲಿ ಪಳಗಿದ ಕಣ್ಣಿಗೆ ಚಿತ್ರದ ಬಗ್ಗೆ ಮಾತಾಡುವ ಹಕ್ಕು ಖಂಡಿತ ಇದೆ.

## ಬದುಕಿನ ಬಗ್ಗೆ

ಗೂಢಚಾರನಿಗೆ ಆಶ್ರಯ ಕೊಟ್ರು ಅಂತಾರೆ, ನಿಜಾನಾ?

ನಿಜ. ಆ ಗೂಢಚಾರ ಆಂಥನಿ ಬ್ಲಂಟ್. ಕೋರ್ಟಾಲ್ಡಿನಲ್ಲಿ ಸ್ಯೂಯೆಲ್‌ಗೆ ಪಾಠ ಮಾಡಿದ ಗುರು, ಆಮೇಲೆ ಆಪ್ತ ಗೆಳೆಯ. ಬ್ಲಂಟ್ ಸಾಮಾನ್ಯರಲ್ಲ. 1947ರಿಂದ 1974ರವರೆಗೆ ಕೋರ್ಟಾಲ್ಡಿನ ನಿರ್ದೇಶಕರು. ಬ್ರಿಟನ್ನಿನ ಅರಮನೆ ಚಿತ್ರಸಂಗ್ರಹದ ಉಸ್ತುವಾರಿಯೂ ಅವರದ್ದೇ ಆಗಿತ್ತು. ಫ್ರೆಂಚ್ ಚಿತ್ರಕಾರ ಪುಸ್ಸಾನ್ ಬಗ್ಗೆ ಅವರ ಮಾತೇ ಕೊನೆಯ ಮಾತು ಎನ್ನುವಷ್ಟು ಹೆಸರಿತ್ತು. ಇದೇ ಮನುಷ್ಯ ಸೋವಿಯತ್ ಒಕ್ಕೂಟಕ್ಕೆ ಗುಟ್ಟು ರವಾನಿಸಿದ್ದರು. 1964ರಲ್ಲಿ ಅವರು ಒಳಗೊಳಗೇ ಒಪ್ಪಿಕೊಂಡಿದ್ದರೂ ಸರ್ಕಾರ ಮುಚ್ಚಿಟ್ಟಿತ್ತು. 1979ರ ನವೆಂಬರ್ 15ರಂದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸಂಸತ್ತಿನಲ್ಲಿ ಬಹಿರಂಗಪಡಿಸಿದರು. ಬ್ಲಂಟರ 'ಸರ್' ಪದವಿ ಹೋಯಿತು.

ಪತ್ರಕರ್ತರು ಬೆನ್ನು ಹತ್ತಿದಾಗ ಬ್ಲಂಟರನ್ನು ಅವರ ಕಣ್ಣಿಗೆ ಬೀಳದಂತೆ ಅಡಗಿಸಲು ನೆರವಾದವರಲ್ಲಿ ಸ್ಯೂಯೆಲ್ ಒಬ್ಬರು. ಬಾಗಿಲಲ್ಲಿ ನಿಂತು ಪತ್ರಕರ್ತರಿಗೆ ಉತ್ತರ ಕೊಟ್ಟಿದ್ದೂ ಅವರೇ. ದೇಶದ್ರೋಹವನ್ನು ಸಮರ್ಥಿಸಿದರು ಅಂತ ಕೆಲವರು ಇವತ್ತಿಗೂ ದೂರುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಊರೆಲ್ಲ ಕಲ್ಲು ಹೊಡೆಯುವಾಗ ಗುರುವಿನ ಜೊತೆ ನಿಲ್ಲುವುದಕ್ಕೆ ಗಟ್ಟಿ ಎದೆ ಬೇಕು. ಬ್ಲಂಟ್ ಮಾಡಿದ್ದು ತಪ್ಪು, ಅದು ಬೇರೆ ಮಾತು. ವಿಚಿತ್ರ ಅಂದರೆ ಸ್ಯೂಯೆಲ್ ಮುಖ ಜನರಿಗೆ ಮೊದಲು ಪರಿಚಯವಾಗಿದ್ದೇ ಈ ಗಲಾಟೆಯಲ್ಲಿ.

ಅವರ ತಂದೆ ಯಾರು ಅನ್ನೋ ವಿಷಯ ಏನದು?

2011ರಲ್ಲಿ ಬಂದ 'ಔಟ್‌ಸೈಡರ್' ಎಂಬ ಆತ್ಮಕಥೆಯಲ್ಲಿ ಅವರು ತಮ್ಮ ತಂದೆ ಫಿಲಿಪ್ ಹೆಸೆಲ್ಟೈನ್ ಎಂದು ಬರೆದರು. ಪೀಟರ್ ವಾರ್ಲಾಕ್ ಎಂಬ ಹೆಸರಿನಲ್ಲಿ ಸಂಗೀತ ರಚಿಸಿದವರು ಇವರೇ. ಮಗ ಹುಟ್ಟುವ ಏಳು ತಿಂಗಳ ಮೊದಲೇ, 1930ರ ಡಿಸೆಂಬರಿನಲ್ಲಿ, ಮನೆಯಲ್ಲಿ ಗ್ಯಾಸಿನಿಂದ ತೀರಿಕೊಂಡರು. ತಾಯಿ ಆಮೇಲೆ ರಾಬರ್ಟ್ ಸ್ಯೂಯೆಲ್ ಎಂಬುವರನ್ನು ಮದುವೆಯಾದರು. ಬ್ರಯಾನ್‌ಗೆ ಬಂದಿದ್ದು ಆ ಹೆಸರು.

ಅಷ್ಟು ಕಟುವಾದ ಮನುಷ್ಯನಲ್ಲಿ ಮೃದು ಅನ್ನೋದು ಎಲ್ಲಾದ್ರೂ ಇತ್ತಾ?

ಇತ್ತು, ಪ್ರಾಣಿಗಳ ವಿಷಯದಲ್ಲಿ ಧಾರಾಳವಾಗಿಯೇ ಇತ್ತು. ತಾನು ಸಾಕಿದ ನಾಯಿಗಳ ಬಗ್ಗೆ 2013ರಲ್ಲಿ ಒಂದು ಇಡೀ ಪುಸ್ತಕ ಬರೆದರು. 2015ರಲ್ಲಿ, ಸಾಯುವ ವರ್ಷ, ಮಕ್ಕಳಿಗಾಗಿ 'ದಿ ವೈಟ್ ಅಂಬ್ರೆಲಾ' ಬಂತು. ಅದರಲ್ಲಿ ಒಬ್ಬ ಮುದುಕ ಪೇಶಾವರದ ಬೀದಿಯಲ್ಲಿ ಒಂದು ಮರಿ ಕತ್ತೆಯನ್ನು ನೋಡುತ್ತಾನೆ. ಬೆನ್ನ ಮೇಲೆ ಹೊರಲಾರದಷ್ಟು ಹೊರೆ. ಇವನು ಕಾರಿನಿಂದ ಇಳಿಯುತ್ತಾನೆ. ಜೊತೆಯವರನ್ನು ಬಿಟ್ಟು, ಆ ಕತ್ತೆಯನ್ನು ಕರೆದುಕೊಂಡು ಲಂಡನ್ನಿನ ವಿಂಬಲ್ಡನ್ನಿನವರೆಗೆ ನಡೆದುಕೊಂಡೇ ಹೊರಡುತ್ತಾನೆ. ವಿಂಬಲ್ಡನ್ನಿನಲ್ಲಿ ಇದ್ದವರು ಸ್ಯೂಯೆಲ್ಲೇ. ಆ ಮುದುಕ ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

## ಜಗಳಗಳು

1994ರಲ್ಲಿ ಎಲ್ಲಾ ಸೇರಿ ಅವರನ್ನ ಕೆಲಸದಿಂದ ತೆಗೆಸೋಕೆ ನೋಡಿದ್ರಂತೆ?

ಆ ವರ್ಷದ ಜನವರಿಯಲ್ಲಿ ಕಲಾ ಲೋಕದ 35 ಜನ ಸಹಿ ಹಾಕಿ ಅವರದೇ ಪತ್ರಿಕೆಗೆ ಪತ್ರ ಬರೆದರು. ಶಿಲ್ಪಿ ಎಡುವಾರ್ಡೊ ಪಾವೊಲೊಟ್ಸಿ, ಗಾಯಕ ಮತ್ತು ಬರಹಗಾರ ಜಾರ್ಜ್ ಮೆಲ್ಲಿ ಅವರಲ್ಲಿದ್ದರು. ಹೆಣ್ಣುಮಕ್ಕಳ ಬಗ್ಗೆ, ಸಲಿಂಗಿಗಳ ಬಗ್ಗೆ ದ್ವೇಷ, ಬೂಟಾಟಿಕೆ, ಪೂರ್ವಗ್ರಹ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಬೈಗುಳ ಅಂತ ದೂರಿನ ಪಟ್ಟಿ ಉದ್ದವಿತ್ತು. ಸ್ಯೂಯೆಲ್ ಪರವಾಗಿಯೂ ಇನ್ನೊಂದು ಪತ್ರ ಬಂತು. ಸಂಪಾದಕರು ಅವರನ್ನು ಬಿಡಲಿಲ್ಲ. ಆಮೇಲೂ ಎರಡು ದಶಕ ಬರೆದರು. ಗಲಾಟೆಗೆ ಕಾರಣವಾದ ವಿಮರ್ಶೆಗಳನ್ನು ಅದೇ ವರ್ಷ ಪುಸ್ತಕವಾಗಿ ತಂದರು.

ದೂರುಗಳನ್ನು ಒಂದೇ ಮೂಟೆ ಕಟ್ಟಬಾರದು. ಸಲಿಂಗಿ ದ್ವೇಷದ ಮಾತು ಇಲ್ಲಿ ಅಷ್ಟು ಸರಳವಲ್ಲ. ಗಂಡಸರ ಜೊತೆಗಿನ ತಮ್ಮ ಸಂಬಂಧಗಳ ಬಗ್ಗೆ ಅವರೇ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹೆಣ್ಣುಮಕ್ಕಳ ವಿಷಯದ ದೂರಿನಲ್ಲಿ ಹುರುಳಿತ್ತು, ಅದಕ್ಕೆ ಮುಂದೆ ಬರುತ್ತೇನೆ. ಬೈಗುಳವೆಲ್ಲ ಒಂದೇ ಅಚ್ಚಿನದು ಎನ್ನುವುದೂ ಕೆಲವು ಸಲ ನಿಜವೇ. ಟರ್ನರ್ ಪ್ರಶಸ್ತಿ ಶುರುವಾಗಿದ್ದು 1984ರಲ್ಲಿ, ಅವರು ಪತ್ರಿಕೆ ಸೇರಿದ ವರ್ಷವೇ. ಅಷ್ಟು ವರ್ಷ ಒಂದೇ ಪ್ರಶಸ್ತಿಯನ್ನು ಬೈಯುವಾಗ ಹೊಸ ಮಾತು ಎಲ್ಲಿಂದ ಬರಬೇಕು? ಆದರೆ ವಿಮರ್ಶಕನನ್ನು ಸುಮ್ಮನಾಗಿಸಲು 35 ಜನ ಒಟ್ಟಾಗಿ ಸಹಿ ಹಾಕಿದ್ದು ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಅವರಲ್ಲಿ ಒಬ್ಬೊಬ್ಬರೂ ಒಂದೊಂದು ವಿಮರ್ಶೆ ತೆಗೆದುಕೊಂಡು ಇಂತಿಂಥ ಕಡೆ ತಪ್ಪು ಅಂತ ಬರೆಯಬಹುದಿತ್ತು.

ಹೊಸದು ಅಂದ್ರೇನೇ ಅವರಿಗೆ ಆಗ್ತಿರಲಿಲ್ಲ, ಅಲ್ವಾ?

ಮೇಲುನೋಟಕ್ಕೆ ಹಾಗೆ ಕಾಣುತ್ತದೆ. ಅವರ ಸಿಟ್ಟಿಗೆ ಎರಡು ಬೇರುಗಳಿದ್ದವು, ಅವನ್ನು ಬೇರೆ ಬೇರೆ ನೋಡಬೇಕು.

ಮೊದಲನೆಯದು ಕೈಕಸುಬು. 2012ರಲ್ಲಿ ಕಲಾವಿದರ ಸಂಸ್ಥೆಯಾದ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಹಾಕ್ನಿಯವರ ದೊಡ್ಡ ಪ್ರದರ್ಶನ ನಡೆಯಿತು. ಯಾರ್ಕ್‌ಶೈರಿನ ಮರ, ದಾರಿ, ಹೊಲ. ಐಪ್ಯಾಡಿನಲ್ಲಿ ಬಿಡಿಸಿ ದೊಡ್ಡದಾಗಿ ಮುದ್ರಿಸಿದ ಚಿತ್ರಗಳು. ಜನ ಮುಗಿಬಿದ್ದು ನೋಡಿದರು. ಸ್ಯೂಯೆಲ್‌ಗೆ ಹಿಡಿಸಲಿಲ್ಲ. ಚಿತ್ರಕಾರ ಕ್ಲಾಡ್ ಲೊರೇನ್ 17ನೇ ಶತಮಾನದಲ್ಲಿ ಬರೆದ 'ಸರ್ಮನ್ ಆನ್ ದಿ ಮೌಂಟ್' (ಗುಡ್ಡದ ಮೇಲಿನ ಬೋಧನೆ) ಚಿತ್ರವನ್ನು ಹಾಕ್ನಿ ಅಲ್ಲಿ ತಮ್ಮ ಗಾಢ ಬಣ್ಣಗಳಲ್ಲಿ ಮತ್ತೆ ಮತ್ತೆ ಬರೆದಿದ್ದರು. ಸ್ಯೂಯೆಲ್ ಸಿಡಿದೆದ್ದಿದ್ದು ಮುಖ್ಯವಾಗಿ ಅದಕ್ಕೆ. ಕ್ಲಾಡ್ ಚಿತ್ರದಲ್ಲಿ ಬೆಳಕು ದೂರ ಹೋದಂತೆ ತೆಳುವಾಗುತ್ತದೆ. ಗಾಳಿಯೇ ಕಣ್ಣಿಗೆ ಕಾಣುತ್ತದೆ. ಆ ಒಂದು ಗುಣವನ್ನು ತೆಗೆದುಹಾಕಿದರೆ ಅಲ್ಲಿ ಉಳಿಯುವುದು ಒಂದು ಗುಡ್ಡ ಮಾತ್ರ. ಕ್ಲಾಡ್ ಮೇಲಿನ ಪ್ರೀತಿ ಗೊತ್ತಿಲ್ಲದವರಿಗೆ ಈ ಸಿಟ್ಟು ಅರ್ಥವಾಗುವುದಿಲ್ಲ. ಹಾಕ್ನಿಯ ಬಣ್ಣ ನನಗೆ ಇಷ್ಟ. ಆದರೂ ಈ ಒಂದು ಮಾತಿನಲ್ಲಿ ಸ್ಯೂಯೆಲ್ ಕಡೆಗೇ ನಾನು.

ಎರಡನೆಯದು ದುಡ್ಡು ಮತ್ತು ಅಧಿಕಾರ. ಸಾರ್ವಜನಿಕ ಹಣದಲ್ಲಿ ಏನು ಕೊಳ್ಳಬೇಕು, ಯಾರನ್ನು ದೊಡ್ಡವರು ಅನ್ನಬೇಕು ಎಂದು ಕೆಲವೇ ಜನ ತಮ್ಮತಮ್ಮಲ್ಲೇ ತೀರ್ಮಾನಿಸುತ್ತಾರೆ ಅಂತ ಅವರು ಬರೆಯುತ್ತಲೇ ಇದ್ದರು. ಹೊಟ್ಟೆಕಿಚ್ಚು ಅಂತ ಇದನ್ನು ತಳ್ಳಿಹಾಕಿದವರಿದ್ದಾರೆ. ಆದರೆ 2005ರಲ್ಲಿ ಬ್ರಿಟನ್ನಿನ ಸಾರ್ವಜನಿಕ ಕಲಾ ಸಂಗ್ರಹಾಲಯಗಳನ್ನು ನಡೆಸುವ ಟೇಟ್ ಸಂಸ್ಥೆ ಚಿತ್ರಕಾರ ಕ್ರಿಸ್ ಒಫಿಲಿಯವರ 'ದಿ ಅಪ್ಪರ್ ರೂಮ್' ಎಂಬ 13 ಚಿತ್ರಗಳ ಸರಣಿಯನ್ನು ಕೊಂಡಾಗ ಒಫಿಲಿ ಆ ಸಂಸ್ಥೆಯ ಟ್ರಸ್ಟಿಯೇ ಆಗಿದ್ದರು. 2006ರಲ್ಲಿ ಧರ್ಮಾರ್ಥ ಸಂಸ್ಥೆಗಳ ಮೇಲೆ ಕಣ್ಣಿಡುವ ಬ್ರಿಟನ್ನಿನ ಚಾರಿಟಿ ಕಮಿಷನ್ ಇದರಲ್ಲಿ ನಿಯಮ ಪಾಲನೆ ಆಗಿಲ್ಲ ಅಂತ ಟೇಟ್ ಮೇಲೆ ತಪ್ಪು ಹೊರಿಸಿತು. ಕೃತಿ ಚೆನ್ನಾಗಿದೆ ಎಂಬುದು ಇಲ್ಲಿ ಉತ್ತರವಾಗುವುದಿಲ್ಲ.

ಅವರ ಬರಹದಿಂದ ಯಾರ ಬದುಕಾದ್ರೂ ಹಾಳಾಯ್ತಾ?

ಅವರು ಹೆಚ್ಚಾಗಿ ಬೈದವರಿಗೆ ಏನೂ ಆಗಲಿಲ್ಲ. ಹಾಕ್ನಿಗೆ 2012ರಲ್ಲೇ 'ಆರ್ಡರ್ ಆಫ್ ಮೆರಿಟ್' ಎಂಬ ದೊಡ್ಡ ಗೌರವ ಬಂತು. ಕಲಾವಿದೆ ಟ್ರೇಸಿ ಎಮಿನ್ 2007ರಲ್ಲಿ ರಾಯಲ್ ಅಕಾಡೆಮಿ ಸದಸ್ಯರಾದರು, 2011ರಲ್ಲಿ ಅಲ್ಲಿ ರೇಖಾಚಿತ್ರದ ಪ್ರೊಫೆಸರ್ ಆದರು. ಹರ್ಸ್ಟ್ ಕೋಟಿಗಟ್ಟಲೆ ಗಳಿಸಿದರು. ಗಟ್ಟಿಯಾಗಿ ನಿಂತವರ ಮೇಲೆ ಗಟ್ಟಿಯಾಗಿ ಬರೆಯುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹೆಸರಿಲ್ಲದ, ಈಗಷ್ಟೇ ಶುರು ಮಾಡಿದ ಕಲಾವಿದರ ಮಾತು ಬೇರೆ. ಅಂಥವರ ಮೇಲೆ ಅದೇ ಕತ್ತಿ ಬೀಸಿದರೆ ಅದು ಅನ್ಯಾಯ.

ಹೆಣ್ಣುಮಕ್ಕಳು ದೊಡ್ಡ ಕಲಾವಿದರಾಗೋಕೆ ಸಾಧ್ಯವೇ ಇಲ್ಲ ಅಂದ್ರಂತೆ. ಆಮೇಲೂ ಅವರನ್ನ ಓದಬೇಕಾ?

ಅಂದಿದ್ದು ನಿಜ. 2008ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದರು. ಮೊದಲ ಸಾಲಿನ ಕಲಾವಿದೆ ಎಂದೂ ಇರಲಿಲ್ಲ, ಅಂಥ ದೊಡ್ಡತನ ಗಂಡಸರಿಗೆ ಮಾತ್ರ ಸಾಧ್ಯ ಎಂದರು. ಕಲಾ ಶಾಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರೇ ಇದ್ದರೂ ಆಮೇಲೆ ಮರೆಯಾಗುತ್ತಾರೆ, ಮಕ್ಕಳನ್ನು ಹೆರುವುದಕ್ಕೂ ಇದಕ್ಕೂ ಸಂಬಂಧ ಇರಬಹುದು ಎಂದೂ ಸೇರಿಸಿದರು.

ಬಾಯಿ ತಪ್ಪಿ ಬಂದ ಮಾತು ಅಂತ ಕೆಲವರು ಸಮಾಧಾನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇದು ಅವರ ಅತಿ ದೊಡ್ಡ ಸೋಲು. ಯಾಕೆಂದರೆ ಇದಕ್ಕೆ ಉತ್ತರ ಅವರಿಗೆ ಚೆನ್ನಾಗಿ ಗೊತ್ತಿದ್ದ ಚಿತ್ರದಲ್ಲೇ ಇದೆ.

ರಾಯಲ್ ಅಕಾಡೆಮಿ 1768ರಲ್ಲಿ ಶುರುವಾಯಿತು. ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರು, ಆಂಜೆಲಿಕಾ ಕಾಫ್‌ಮನ್ ಮತ್ತು ಮೇರಿ ಮೋಸರ್. ಯೋಹಾನ್ ಜೋಫನಿ 1771–72ರಲ್ಲಿ ಅಕಾಡೆಮಿ ಸದಸ್ಯರ ಗುಂಪು ಚಿತ್ರ ಬರೆದ. ಅದು ಇರುವುದು ಬ್ಲಂಟ್ ನೋಡಿಕೊಳ್ಳುತ್ತಿದ್ದ ಅದೇ ಅರಮನೆ ಸಂಗ್ರಹದಲ್ಲಿ. ಚಿತ್ರದಲ್ಲಿ ಗಂಡಸರೆಲ್ಲ ದೀಪದ ಬೆಳಕಿನಲ್ಲಿ ನಗ್ನ ಮಾಡೆಲ್‌ಗಳ ಸುತ್ತ ನೆರೆದಿದ್ದಾರೆ. ಕಾಫ್‌ಮನ್ ಮತ್ತು ಮೋಸರ್ ಎಲ್ಲಿ ಅಂತ ಹುಡುಕಬೇಕು. ಬಲಗಡೆ ಗೋಡೆಯ ಮೇಲೆ ಎರಡು ಭಾವಚಿತ್ರಗಳಾಗಿ ನೇತಾಡುತ್ತಿದ್ದಾರೆ. ನಗ್ನ ಗಂಡಸು ಇರುವ ಕೋಣೆಯಲ್ಲಿ ಹೆಂಗಸರು ಇರುವಂತಿರಲಿಲ್ಲ. ಮೈಕಟ್ಟು ನೋಡಿ ಬರೆಯಲು ಬಿಡದಿದ್ದರೆ ಆ ಕಾಲದಲ್ಲಿ ದೊಡ್ಡ ಚಿತ್ರ ಬರೆಯಲು ದಾರಿಯೇ ಇರಲಿಲ್ಲ. ಅಕಾಡೆಮಿ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ, ಅದೂ ಅರೆಬರೆ ಬಟ್ಟೆ ಸುತ್ತಿದ ಗಂಡು ಮಾಡೆಲ್ ಮುಂದೆ ಕೂರಲು, ಅವಕಾಶ ಸಿಕ್ಕಿದ್ದು 1893ರಲ್ಲಿ. ಆ ಇಬ್ಬರ ನಂತರ ಮತ್ತೊಬ್ಬ ಹೆಂಗಸು ಪೂರ್ಣ ಸದಸ್ಯೆ ಆಗಿದ್ದು 1936ರಲ್ಲಿ, ಲಾರಾ ನೈಟ್.

ಈ ಇತಿಹಾಸ ಅವರಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಒಂದು ಭಂಗಿ ಎಲ್ಲಿಂದ ಬಂತು ಅಂತ ಪತ್ತೆ ಹಚ್ಚುತ್ತಿದ್ದ ಮನುಷ್ಯ, ಅರ್ಧದಷ್ಟು ಜನ ಯಾಕೆ ಕಾಣೆಯಾದರು ಅಂತ ಕೇಳಲೇ ಇಲ್ಲ. ನೋಡದೆ ತೀರ್ಪು ಕೊಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇಲ್ಲಿ ಅವರೇ ನೋಡದೆ ತೀರ್ಪು ಕೊಟ್ಟರು.

ಓದಬೇಕಾ ಅಂದರೆ, ಓದಿ ಅನ್ನುತ್ತೇನೆ. ಈ ಮಾತನ್ನು ಮರೆಯದೆ ಓದಿ. ಓದಲು ಮನಸ್ಸು ಬಾರದಿದ್ದರೆ ಅದೂ ನ್ಯಾಯವೇ.

## ಸಾವಿನ ನಂತರ

ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು ಅಂತಾರೆ. ನೀವ್ಯಾಕೆ ಇದನ್ನೆಲ್ಲ ಕೆದಕ್ತೀರಿ?

ಮನೆಯವರ ಎದುರಿಗೆ, ಮಣ್ಣು ಮಾಡಿದ ವಾರದಲ್ಲಿ ಆ ಮಾತು ಸರಿ. ಆದರೆ ಅವರು ಅಚ್ಚು ಹಾಕಿಸಿದ್ದು ಸಾಯುವುದಿಲ್ಲ, ಅದನ್ನು ನಾಳೆಯೂ ಯಾರೋ ಓದುತ್ತಾರೆ. ಅದರ ಬಗ್ಗೆ ಮಾತು ನಿಲ್ಲಬಾರದು. ಇನ್ನೊಂದು ಕಾರಣವಿದೆ. ಅವರು ಯಾರಿಗೂ ಸಾವಿನ ರಿಯಾಯಿತಿ ಕೊಟ್ಟವರಲ್ಲ. ಅವರನ್ನು ಸಕ್ಕರೆ ಸವರಿ ನೆನೆಯುವುದು ಅವರು ಮಾಡಿದ ಕೆಲಸಕ್ಕೆ ಅವಮಾನ.

ಎಲ್ಲವನ್ನೂ ಬೈದವರು ಇಷ್ಟಪಟ್ಟಿದ್ದೇನು?

ಅವರ ಮನೆಯ ಗೋಡೆಗಳೇ ಇದಕ್ಕೆ ಒಳ್ಳೆಯ ಉತ್ತರ. 2016ರ ಸೆಪ್ಟೆಂಬರಿನಲ್ಲಿ ಅವರ ಸಂಗ್ರಹ ಹರಾಜಾಯಿತು, ಅವರು ಒಂದು ಕಾಲಕ್ಕೆ ದುಡಿದ ಕ್ರಿಸ್ಟೀಸ್‌ನಲ್ಲೇ. ಅದರಲ್ಲಿ 16ನೇ ಶತಮಾನದ ಡೇನಿಯೆಲೆ ದ ವೊಲ್ಟೆರಾನ ಒಂದು ರೇಖಾಚಿತ್ರ ಇತ್ತು. ವೊಲ್ಟೆರಾ ಮೈಕೆಲಾಂಜೆಲೊನ ಶಿಷ್ಯವರ್ಗದವನು. ಕತ್ತಲಲ್ಲಿ ಬೆಂಕಿಯ ಬೆಳಕು ಬರೆಯುವುದರಲ್ಲಿ ಎತ್ತಿದ ಕೈಯಾದ ಮಥಿಯಾಸ್ ಸ್ಟೋಮರ್ ಇದ್ದ. ಜೊತೆಗೆ 20ನೇ ಶತಮಾನದ ಬ್ರಿಟಿಷ್ ಚಿತ್ರಕಾರರೂ ಇದ್ದರು. ಅವರಲ್ಲಿ ಎಲಿಯಟ್ ಹಾಡ್ಜ್‌ಕಿನ್ ಒಬ್ಬರು. ಒಣಗಿದ ಎಲೆ, ಹಣ್ಣು, ತರಕಾರಿಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ತಾಳ್ಮೆಯಿಂದ ಬರೆದವರು. ಹೊಸದನ್ನೆಲ್ಲ ದ್ವೇಷಿಸಿದರು ಎನ್ನುವವರು ಆ ಪಟ್ಟಿಯನ್ನು ಒಮ್ಮೆ ನೋಡಬೇಕು.

ಅವರ ಬರಹವನ್ನ ಓದೋದು ಹೇಗೆ? ಎಲ್ಲಿಂದ ಶುರು ಮಾಡಲಿ?

ವಿಮರ್ಶೆಗಳಿಗೆ 2012ರ 'ನೇಕೆಡ್ ಎಂಪರರ್ಸ್' ತೆಗೆದುಕೊಳ್ಳಿ. ಬ್ರಿಟನ್ನಿನ ಸಮಕಾಲೀನ ಕಲೆಯ ಮೇಲಿನ ಬರಹಗಳು ಅದರಲ್ಲಿವೆ. ಬದುಕಿನ ಕಥೆಗೆ 'ಔಟ್‌ಸೈಡರ್'. ಅದರ ಎರಡನೇ ಭಾಗ 2012ರಲ್ಲಿ ಬಂತು.

ಓದುವಾಗ ಪೆನ್ಸಿಲ್ ಇಟ್ಟುಕೊಳ್ಳಿ. ಚಿತ್ರದ ಬಗ್ಗೆ ಹೇಳುವ ವಾಕ್ಯಕ್ಕೆ ಒಂದು ಗುರುತು ಹಾಕಿ, ಚಿತ್ರಕಾರನ ಬಗ್ಗೆ ಹೇಳುವ ವಾಕ್ಯಕ್ಕೆ ಇನ್ನೊಂದು. ಆಮೇಲೆ ಆ ಚಿತ್ರವನ್ನು ತೆರೆದು ಮೊದಲ ಥರದ ವಾಕ್ಯಗಳನ್ನು ಮಾತ್ರ ಹೋಲಿಸಿ ನೋಡಿ. ಅವರ ಒಳ್ಳೆಯ ವಿಮರ್ಶೆಗಳಲ್ಲಿ ಆ ಗುರುತುಗಳೇ ಜಾಸ್ತಿ ಇರುತ್ತವೆ. ಎರಡನೇ ಗುರುತೇ ತುಂಬಿದ್ದರೆ ಅವತ್ತು ಅವರು ಸರಿಯಾಗಿ ಕೆಲಸ ಮಾಡಿಲ್ಲ ಅಂತಲೇ ಅರ್ಥ.

ಈಗ ಅಂಥ ವಿಮರ್ಶಕರು ಯಾಕಿಲ್ಲ?

ಒಂದು ಕಾರಣ ಜಾಗ. ಪತ್ರಿಕೆಯ ಒಂದಿಡೀ ಪುಟವನ್ನು ಒಂದು ಪ್ರದರ್ಶನಕ್ಕೆ ಕೊಡುವ ಸಂಪಾದಕರು ಕಡಿಮೆಯಾಗಿದ್ದಾರೆ. ನೂರಿನ್ನೂರು ಪದಗಳಲ್ಲಿ ಕ್ಲಾಡ್‌ನ ಬೆಳಕನ್ನು ವಿವರಿಸಲು ಆಗುವುದಿಲ್ಲ. ಬೈಯಲು ಮಾತ್ರ ಆಗುತ್ತದೆ.

ಇನ್ನೊಂದು ಕಾರಣ ಹೊಟ್ಟೆಪಾಡು. ಬರೀ ವಿಮರ್ಶೆಯಿಂದ ಮನೆ ನಡೆಯುವುದಿಲ್ಲ. ಹಾಗಾಗಿ ಬರೆಯುವವರೇ ಗ್ಯಾಲರಿಗಳಿಗೆ ಕ್ಯಾಟಲಾಗ್ ಲೇಖನ ಬರೆದುಕೊಡುತ್ತಾರೆ, ಪ್ರದರ್ಶನ ಜೋಡಿಸಿಕೊಡುತ್ತಾರೆ, ಬಹುಮಾನ ಸಮಿತಿಯಲ್ಲಿ ಕೂರುತ್ತಾರೆ. ನಾಳೆ ಅದೇ ಗ್ಯಾಲರಿಯ ಪ್ರದರ್ಶನ ಚೆನ್ನಾಗಿಲ್ಲ ಅಂತ ಬರೆಯುವುದು ಹೇಗೆ? ಅವರನ್ನು ನಾನು ದೂರುವುದಿಲ್ಲ. ಆದರೆ ಓದುಗರಿಗೆ ಒಂದು ವಿಷಯ ತಿಳಿದಿರಬೇಕು. ವಿಮರ್ಶೆಯ ಕೆಳಗೆ, ಬರೆದವರು ಈ ಗ್ಯಾಲರಿಯಿಂದ ಅಥವಾ ಈ ಕಲಾವಿದರಿಂದ ಯಾವತ್ತಾದರೂ ದುಡ್ಡು ತೆಗೆದುಕೊಂಡಿದ್ದರೆ, ಆ ಮಾತು ಒಂದು ಸಾಲಿನಲ್ಲಿ ಇರಬೇಕು. ಪತ್ರಿಕೆಗಳು ಇವತ್ತಿನಿಂದಲೇ ಇದನ್ನು ಶುರು ಮಾಡಬಹುದು.